ನಿಂತ ಬೆವರು

ಆಸ್ಪತ್ರೆಯ ಔಷಧಿ ಕೋಣೆಯ ಫ್ರಿಜ್ಜು ಕೆಟ್ಟು ನಿಂತಿದೆಯೆಂದು ಗೊತ್ತಿದ್ದೂ, ಅದರೊಳಗೆ ಬೆಚ್ಚಗಾದ ಇಂಜೆಕ್ಷನ್ ಡಬ್ಬಿಗಳನ್ನು ಆ ಬೇಸಿಗೆಯಿಡೀ ರೋಗಿಗಳ ಮನೆಗಳಿಗೆ ಹಂಚಿದರು. ಹಂಚಿದ ಮನೆಗಳಲ್ಲಿ ಹಬೆಯಣ್ಣನದೂ ಒಂದು.

"ತಲೆ ಕಡೆ ಎತ್ರಪ್ಪ, ತಲೆ ಕಡೆ. ಕಾಲು ಕಡೆ ಇಳಿಸಿ," ಎಂದು ಹಬೆಯಣ್ಣನ ತಮ್ಮ ಹೇಳುತ್ತಲೇ ಇದ್ದ. ಹೆಣ ಕೆಡದಂತೆ ಇಡುವ ತಣ್ಣನೆಯ ಪೆಟ್ಟಿಗೆ ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡು ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ನಿಂತಿತ್ತು. ಹೊತ್ತವರ ಕುತ್ತಿಗೆಯ ನರ ಉಬ್ಬಿದ್ದವು.

"ಖಾಲಿ ಪೆಟ್ಟಿಗೆಗೆ ತಲೆ ಯಾವುದು, ಕಾಲು ಯಾವುದು ಮಾರಾಯ?" ಎಂದ ಆಂಬುಲೆನ್ಸ್ ಡ್ರೈವರ್. ಯಾರೋ ನಕ್ಕರು. ನಕ್ಕವರು ಮಂಚದ ಕಡೆ ನೋಡಿ, ನಗುವನ್ನು ಕೆಮ್ಮಾಗಿ ಬದಲಾಯಿಸಿಕೊಂಡರು.

ಮಂಚದ ಮೇಲೆ ಹಬೆಯಣ್ಣ ಮಲಗಿದ್ದ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಅವನು ಬಾಗಿಲು ತೆರೆದು ಹೊರಗೆ ಬಂದರೆ ಮೊದಲು ಹಬೆ ಬರುತ್ತಿತ್ತು, ಆಮೇಲೆ ಅವನು ಕಾಣುತ್ತಿದ್ದ. ಆ ಹೆಸರು ಹಾಗೆ ಅಂಟಿಕೊಂಡದ್ದು. ಅವನ ಹೆಂಡತಿಗೂ ಅದೇ ವಿಭಾಗದಲ್ಲಿ ಕೆಲಸ. ಹರಿದ ಚಾದರ, ದಿಂಬಿನ ಚೀಲ, ಆಪರೇಷನ್ ಗೌನುಗಳಿಗೆ ತೇಪೆ ಹಾಕುವುದು. ಅವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಅವನ ಮೇಲೆ ಹೊದಿಸಿದ ಬಿಳಿ ಚಾದರದ ಎದೆಯ ಭಾಗದಲ್ಲಿ ಅವಳದೇ ಹೊಲಿಗೆಯಿತ್ತು. ಎಷ್ಟೋ ರೋಗಿಗಳು ಹೊದ್ದು, ಎಷ್ಟೋ ಸಲ ಅವನ ಹಬೆಯಲ್ಲಿ ಬೆಂದು ಬಂದ ಚಾದರ ಅದು.

ಪೆಟ್ಟಿಗೆ ಕೊನೆಗೂ ಒಳಗೆ ಬಂತು. ಸೂಜಿಯಕ್ಕನ ಮೈದುನ ವೈರನ್ನು ಗೋಡೆಯ ಬುಡಕ್ಕೆ ಎಳೆದು ಪ್ಲಗ್ ಚುಚ್ಚಿದ. ಅವನು ಅದೇ ಆಸ್ಪತ್ರೆಯ ಎಲೆಕ್ಟ್ರಿಷಿಯನ್. ದೀಪ, ಫ್ಯಾನು, ಲಿಫ್ಟು, ಫ್ರಿಜ್ಜು, ಏನು ನಿಂತರೂ ಅವನಿಗೆ ಕರೆ. ಮಾತು ಕಡಿಮೆ, ಯಾರಾದರೂ ಗದರಿಸಿದರೆ ಪೂರ್ತಿ ಆರಿಹೋಗುವ ಜಾತಿ. ಅದಕ್ಕೇ ಕೆಲಸದವರು ಅವನಿಗೆ ಫ್ಯೂಸು ಎಂದು ಹೆಸರಿಟ್ಟಿದ್ದರು. ಮೋಟಾರು ಒಮ್ಮೆ ಕೆಮ್ಮಿ, ಆಮೇಲೆ ಗುಂಯ್ ಎಂದು ಒಂದೇ ಸಮ ಹಿಡಿದುಕೊಂಡಿತು. ಹಬೆಯಣ್ಣನನ್ನು ಎತ್ತಿ ಒಳಗೆ ಮಲಗಿಸಿ ಗಾಜಿನ ಮುಚ್ಚಳ ಹಾಕಿದ ಸ್ವಲ್ಪ ಹೊತ್ತಿಗೇ ಗಾಜಿನ ಒಳಮೈಗೆ ಮಂಜು ಕಟ್ಟತೊಡಗಿತು.

"ಮೆಷಿನ್ನು ಒಳ್ಳೆ ಕಂಡೀಷನ್ನಲ್ಲಿದೆ," ಎಂದ ಡ್ರೈವರ್ ಮೆಚ್ಚಿಕೊಂಡು. "ನಮ್ಮ ಆಸ್ಪತ್ರೇಲಿ ಇದೊಂದು ಮಾತ್ರ ಯಾವತ್ತೂ ಕೆಟ್ಟಿಲ್ಲ ನೋಡಿ."

ಮೈದುನ ತಲೆ ಎತ್ತಲಿಲ್ಲ. ವೈರು ಯಾರ ಕಾಲಿಗೂ ಸಿಗದ ಹಾಗೆ ಗೋಡೆಯಂಚಿಗೆ ಒತ್ತಿ ಕೂರಿಸುತ್ತಿದ್ದ.

ಆಸ್ಪತ್ರೆಯ ಮ್ಯಾನೇಜರ್ ಬಂದದ್ದು ಆಗ. ಒಂದು ಕೈಯಲ್ಲಿ ಹೂವಿನ ಚಕ್ರ, ಇನ್ನೊಂದು ಕಂಕುಳಲ್ಲಿ ಕಾಗದ ಸುತ್ತಿದ ದೊಡ್ಡ ಚೌಕಟ್ಟು. ಚೌಕಟ್ಟು ಬಿಚ್ಚಿ ಪೆಟ್ಟಿಗೆಯ ತಲೆಯ ಬದಿಗೆ ಒರಗಿಸಿದ. ಹಬೆಯಣ್ಣನ ಫೋಟೋ. ಅಂಗಿ ಎತ್ತಿ, ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಬಲಗೈಯಲ್ಲಿ ಸಿರಿಂಜು ಎತ್ತಿಕೊಂಡು ನಗುತ್ತಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ, 'ನನ್ನ ಮದ್ದು ನನ್ನ ಕೈಯಲ್ಲಿ'. ಹೊರರೋಗಿಗಳು ಸಾಲಾಗಿ ಕೂರುವ ಮೊಗಸಾಲೆಯಲ್ಲಿ ಅದು ನೇತಾಡುತ್ತಿತ್ತು.

"ನಿಮ್ಮಲ್ಲಿ ಒಳ್ಳೆ ಫೋಟೋ ಇರುತ್ತೋ ಇಲ್ಲವೋ ಅಂತ ತಂದೆ," ಎಂದ ಮ್ಯಾನೇಜರ್. "ಆಗಬಾರದ್ದು ಆಗಿಹೋಯ್ತಮ್ಮ. ನಮ್ಮ ಮನೆಯವರೇ ಹೋದ ಹಾಗಾಗಿದೆ."

ಸೂಜಿಯಕ್ಕ ಕೈ ಮುಗಿದಳು. ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ. "ಇನ್ನೊಂದು ಸಣ್ಣ ವಿಷಯ. ಮಿಕ್ಕಿರೋ ಇಂಜೆಕ್ಷನ್ ಡಬ್ಬಿ ಇದ್ರೆ ಕೊಟ್ಬಿಡಿ. ಹಾಗೇ ಚುಚ್ಚಿದ ಸೂಜಿ ಹಾಕ್ತಿದ್ದ ಹಳದಿ ಡಬ್ಬಾನೂ. ಮನೇಲಿ ಇಟ್ಕೋಬಾರ್ದು, ಅಪಾಯ."

"ಈಗಲೇ ಬೇಕಾ ಸಾರ್?"

"ಈಗಲೇ ಆದ್ರೆ ಒಳ್ಳೇದು. ಆಮೇಲೆ ನೀವು ದುಃಖದಲ್ಲಿರ್ತೀರಿ."

"ಈಗ ಮದುವೆ ಮನೇಲಿದ್ದೀವಲ್ಲ, ಅದಕ್ಕೆ," ಎಂದು ಹಿಂದಿನಿಂದ ಒಂದು ದನಿ ಬಂತು. ಬಟ್ಟೆ ಮಡಿಸುವ ಮೇಜಿನ ಹೆಂಗಸು, ಸೂಜಿಯಕ್ಕನ ಪಕ್ಕದಲ್ಲೇ ನಿಂತು ವಯಸ್ಸು ಕಳೆದವಳು, ಎಲ್ಲರ ಬಾಯಲ್ಲೂ ಮಡಿಕೆಯಮ್ಮ. ಮ್ಯಾನೇಜರ್ ಕೇಳಿಸದವನಂತೆ ಗೋಡೆಯ ಕಡೆ ನೋಡಿದ. ಆ ಗೋಡೆಯೂ ಆಸ್ಪತ್ರೆಯದೇ. ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆಗಳಲ್ಲಿ ಹಬೆಯಣ್ಣನ ಹೆಸರಿಗೆ ಸಿಕ್ಕ ಮನೆ ಅದು.

"ಸುಣ್ಣ ಚೆನ್ನಾಗಿ ಇಟ್ಕೊಂಡಿದ್ದೀರಿ," ಎಂದ ಅವನು. "ಮನೆ ವಿಚಾರ ನಿಧಾನಕ್ಕೆ ಮಾತಾಡೋಣ. ನೀವೂ ನಮ್ಮವರೇ ಅಲ್ವಾ."

\*

ಪ್ರಾಸ್ಟೇಟ್ ಎಂಬ ಮಾತನ್ನು ಹಬೆಯಣ್ಣ ಮೊದಲು ಕೇಳಿದ್ದು ಡಾಕ್ಟರ ಬಾಯಲ್ಲಿ. ಅಲ್ಲಿಯವರೆಗೆ ಅದು ತನ್ನ ಮೈಯಲ್ಲಿದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಕ್ಯಾನ್ಸರ್ ಅಲ್ಲಿಂದ ಬೆನ್ನುಮೂಳೆಗೂ ಇಳಿದಿತ್ತು. ಕೊಯ್ದು ತೆಗೆಯುವಂಥದ್ದಲ್ಲ, ಇಂಜೆಕ್ಷನ್ನಿನಲ್ಲಿ ಹಿಡಿದಿಡಬಹುದು, ವರ್ಷಗಟ್ಟಲೆ ಹಿಡಿದಿಟ್ಟವರಿದ್ದಾರೆ ಎಂದಿದ್ದರು.

ಮೊದಮೊದಲು ಆಸ್ಪತ್ರೆಯಲ್ಲೇ ಚುಚ್ಚುತ್ತಿದ್ದರು. ಆಮೇಲೆ ಇಂಜೆಕ್ಷನ್ ಕೋಣೆ ಇದ್ದ ಜಾಗಕ್ಕೆ ಗಾಜಿನ ಬಾಗಿಲಿನ ಕಾಫಿ ಅಂಗಡಿ ಬಂತು. ರೋಗಿ ಸ್ವಾವಲಂಬಿಯಾಗಬೇಕು, ದಿನಾ ಬೆಳಿಗ್ಗೆ ತಾನೇ ಮನೆಯಲ್ಲಿ ಚುಚ್ಚಿಕೊಳ್ಳಬೇಕು ಎಂದು ಮ್ಯಾನೇಜರ್ ಭಾಷಣ ಮಾಡಿದ. ಸ್ವಾವಲಂಬನೆ ಎಂದರೆ ಏನೆಂದು ಬಾಯ್ಲರಿನ ಮುಂದೆ ಆಯುಷ್ಯ ಕಳೆದವನಿಗೆ ಅವತ್ತು ತಿಳಿಯಿತು.

ಹೇಳಿಕೊಟ್ಟವಳು ಹೊರರೋಗಿ ವಿಭಾಗದ ನರ್ಸು. ಒಂದು ಸ್ಪಂಜು ಕೈಗೆ ಕೊಟ್ಟು, "ಇದು ನಿಮ್ಮ ಹೊಟ್ಟೆ ಅಂದ್ಕೊಳ್ಳಿ," ಎಂದಳು.

"ನನ್ನ ಹೊಟ್ಟೆ ಇಷ್ಟು ಮೆತ್ತಗಿದ್ರೆ ನಮ್ಮನೆಯವಳು ಯಾವತ್ತೋ ತಲೆದಿಂಬು ಮಾಡ್ಕೊಂಡಿರೋಳು ಸಿಸ್ಟರ್."

ನರ್ಸು ನಕ್ಕಳು. ನಗುತ್ತಲೇ, ಚರ್ಮ ಹೇಗೆ ಹಿಡಿಯಬೇಕು, ಸೂಜಿ ಹೇಗೆ ಇಳಿಸಬೇಕು, ಇವತ್ತು ಎಡಕ್ಕೆ ಚುಚ್ಚಿದರೆ ನಾಳೆ ಬಲಕ್ಕೆ ಎಂದೆಲ್ಲ ತೋರಿಸಿದಳು. "ಗಂಡಸರ ಹಾರ್ಮೋನು ಇದೆಯಲ್ಲ, ಈ ರೋಗಕ್ಕೆ ಅದೇ ಊಟ. ಆ ಊಟ ನಿಲ್ಲಿಸೋ ಮದ್ದು ಇದು. ಎದೆ ಸ್ವಲ್ಪ ಊದಬಹುದು, ಮೈಯೆಲ್ಲ ಕಾದು ಬೆವರಬಹುದು. ಹೆದರಬೇಡಿ. ಇನ್ನೊಂದು, ಡಬ್ಬಿ ಯಾವಾಗಲೂ ತಣ್ಣಗಿರಬೇಕು. ಬಿಸಿಯಾದ್ರೆ ಸತ್ವ ಹೋಗುತ್ತೆ. ನೋಡಿದ್ರೆ ಗೊತ್ತಾಗಲ್ಲ, ನೀರಿನ ಹಾಗೇ ಇರುತ್ತೆ."

ಕುದಿಯುವ ನೀರಿನ ಕೊಳವೆಯನ್ನು ಬರಿಗೈಯಲ್ಲಿ ತಿರುಗಿಸುತ್ತಿದ್ದ ಮನುಷ್ಯ ಮೊದಲ ದಿನ ಆ ಕೂದಲೆಳೆಯಂಥ ಸೂಜಿ ಹಿಡಿದು ಮಂಚದ ಅಂಚಿನಲ್ಲಿ ಕೂತೇ ಇದ್ದ. "ನಾನು ಚುಚ್ಲಾ ರೀ?" ಎಂದು ಸೂಜಿಯಕ್ಕ ಹತ್ತಿರ ಬಂದಳು.

"ಬೇಡಮ್ಮ ತಾಯಿ. ನೀನು ಚುಚ್ಚಿದ್ರೆ ಅಭ್ಯಾಸಬಲಕ್ಕೆ ಗಂಟು ಹಾಕಿ ಹಲ್ಲಲ್ಲಿ ಕಚ್ಚಿ ತುಂಡು ಮಾಡ್ತೀಯ. ನಿನ್ನ ಸೂಜಿ ಬಟ್ಟೆಗೆ, ನನ್ನ ಸೂಜಿ ಹೊಟ್ಟೆಗೆ."

ಆ ಮಾತು ಅವರಿಬ್ಬರ ನಡುವೆ ಉಳಿದುಕೊಂಡಿತು. ಬೆಳಿಗ್ಗೆ ಅವಳು ಕೆಲಸಕ್ಕೆ ಸೆರಗು ಸರಿಮಾಡಿಕೊಳ್ಳುವಾಗ, "ಬಟ್ಟೆಗೆ ಹೊರಟೆ," ಎನ್ನುವಳು. ಒಳಗಿನಿಂದ, "ಹೊಟ್ಟೆಗೆ ಆಯ್ತು," ಎಂದು ಅವನ ದನಿ ಬರುವುದು. ಬಂದ ಮೇಲೆಯೇ ಅವಳು ಹೊಸ್ತಿಲು ದಾಟುವಳು.

ಮಗಳು ಕಂತಿನಲ್ಲಿ ಸಣ್ಣ ಫ್ರಿಜ್ಜೊಂದನ್ನು ತಂದುಕೊಟ್ಟಳು. ಅದರಲ್ಲಿ ಒಂದು ತಟ್ಟೆಯನ್ನು ಹಬೆಯಣ್ಣ ಡಬ್ಬಿಗೆಂದೇ ಮೀಸಲಿಟ್ಟ. ಅಲ್ಲಿ ಮೊಸರಿಡುವಂತಿಲ್ಲ, ಸೊಪ್ಪಿಡುವಂತಿಲ್ಲ. ಅವಳು ಬಾಗಿಲು ತೆರೆದು ಒಂದು ಗಳಿಗೆ ಯೋಚಿಸುತ್ತ ನಿಂತರೆ, "ಏನು, ಒಳಗೆ ಸಿನಿಮಾ ಓಡ್ತಿದೆಯಾ?" ಎಂದು ಗದರುವನು. ಕರೆಂಟು ಹೋದರೆ ಒದ್ದೆ ಬಟ್ಟೆ ಸುತ್ತಿ, ಎಳೆಕೂಸಿನ ಹಾಗೆ ಡಬ್ಬಿಯನ್ನು ನೆರಳಿನ ಮೂಲೆಯಲ್ಲಿಟ್ಟುಕೊಂಡು ಗಾಳಿ ಬೀಸುತ್ತ ಕೂರುವನು.

ಬೆವರು ಬಂತು. ನರ್ಸು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಬಂತು. ಊಟಕ್ಕೆ ಕೂತಲ್ಲಿ, ಬಸ್ಸಿನಲ್ಲಿ ನಿಂತಲ್ಲಿ, ಎದೆಯಿಂದ ಬೆಂಕಿಯೆದ್ದು ಕಿವಿಯವರೆಗೆ ಏರಿ, ಅಂಗಿ ಹಿಂಡುವ ಹಾಗಾಗುತ್ತಿತ್ತು. "ಇಷ್ಟು ದಿನ ಬಾಯ್ಲರ್ ಹೊರಗಿತ್ತು ಕಣೇ," ಎನ್ನುತ್ತಿದ್ದ, "ಈಗ ಒಳಗೇ ಹಾಕಿಬಿಟ್ರು."

ಸೂಜಿಯಕ್ಕನಿಗೆ ಆ ಬೆಂಕಿಯ ಗುರುತಿತ್ತು. ಮುಟ್ಟು ನಿಲ್ಲುವ ಕಾಲಕ್ಕೆ ಅವಳೂ ಹಾಗೆಯೇ ಬೆಂದಿದ್ದಳು. "ಈಗ ಗೊತ್ತಾಯ್ತಾ ರೀ?" ಎಂದಳು. "ಅವತ್ತು ನಾನು ಫ್ಯಾನಿನ ಕೆಳಗೆ ಕೂತ್ರೆ ನಾಟಕ ಅಂದಿದ್ರಿ."

ಅವಳು ಟವೆಲ್ಲು ಒದ್ದೆ ಮಾಡಿ ತಂದು ಅವನ ಕುತ್ತಿಗೆಯ ಹಿಂದೆ ಇಟ್ಟಳು. ಎಲ್ಲಿಡಬೇಕೆಂದು ಅವಳಿಗೆ ಗೊತ್ತಿತ್ತು.

\*

ಬಂದವರು ಗೋಡೆಗೆ ಒರಗಿ, ಕುರ್ಚಿಗಳಲ್ಲಿ, ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಸೆಕೆ ಹೆಚ್ಚಾಗಿತ್ತು. ಪೆಟ್ಟಿಗೆಯ ಮೋಟಾರು ಒಳಗನ್ನು ತಣ್ಣಗೆ ಮಾಡಿ, ಅದರ ಬಿಸಿಯನ್ನೆಲ್ಲ ಕೋಣೆಗೆ ಉಗುಳುತ್ತಿತ್ತು. ಎಲ್ಲರ ಹಣೆಯಲ್ಲೂ ಹನಿ. ನರ್ಸು ಬಂದು ಮಗಳ ಪಕ್ಕ ಕೂತಿದ್ದಳು. ಮ್ಯಾನೇಜರ್ ಹೊರಗೆ ಫೋನಿನಲ್ಲಿ ಯಾರಿಗೋ, "ಇಲ್ಲ ಸಾರ್, ಇಲ್ಲೇ ಇದ್ದೀನಿ, ತಗೊಂಡೇ ಬರ್ತೀನಿ," ಎನ್ನುತ್ತಿದ್ದ.

"ಎಂಥಾ ಮನುಷ್ಯ," ಎಂದ ಡ್ರೈವರ್, ಗಾಜಿನೊಳಕ್ಕೆ ನೋಡುತ್ತ. "ನನಗೆ ಧೈರ್ಯ ಹೇಳಿದೋನೇ ಅವನು. ನನಗೂ ಅದೇ ಕಾಯಿಲೆ ಅಂತ ಗೊತ್ತಾದಾಗ ನಾನು ಸ್ಟಿಯರಿಂಗ್ ಹಿಡ್ಕೊಂಡು ಅತ್ತಿದ್ದೆ. 'ಲೋ, ಇರುವೆ ಕಚ್ಚಿದ ಹಾಗೆ ಅಷ್ಟೇ, ಬಾ' ಅಂತ ಮನೆಗೆ ಕರ್ಕೊಂಡು ಬಂದು, ತಾನು ಚುಚ್ಚಿಕೊಂಡು ತೋರಿಸಿದ."

"ನೀವೂ ಬೆವರ್ತಿದ್ರಲ್ಲ," ಎಂದಳು ಮಡಿಕೆಯಮ್ಮ. "ಹಿಂದಿನ ವರ್ಷ ಆಂಬುಲೆನ್ಸ್ ನಿಲ್ಸಿ ರಸ್ತೆ ಪಕ್ಕದ ನಲ್ಲಿಗೆ ತಲೆ ಕೊಟ್ಟಿದ್ರಂತೆ. ಒಳಗಿದ್ದ ರೋಗಿ ಇಳಿದು ಬಂದು ನಿಮ್ಮನ್ನ ಹಿಡ್ಕೊಂಡ್ನಂತೆ."

"ಅದೆಲ್ಲ ಮುಗೀತು," ಡ್ರೈವರ್ ಎದೆ ತಟ್ಟಿಕೊಂಡ. "ಈ ಬೇಸಿಗೆಯಿಂದ ಆ ಬೆವರಿನ ಒಂದು ಹನಿಯಿಲ್ಲ. ಸಿಸ್ಟರ್, ನಿಮ್ಮ ಮದ್ದು ಕೊನೆಗೂ ಮೈಗೆ ಹಿಡೀತು. ಗಡ್ಡ ನೋಡಿ, ಬೆಳಿಗ್ಗೆ ಕೆರೆದ್ರೆ ಸಂಜೆಗೆ ಹಾಜರ್. ಮೈಯಲ್ಲಿ ಹುಡುಗನ ಹುರುಪು. ಮನೆಯವಳು ಬೈತಾಳೆ, ಈ ವಯಸ್ಸಲ್ಲಿ ಏನು ನಿಮ್ಮ ಅವತಾರ ಅಂತ."

ಗಂಡಸರಲ್ಲಿ ಒಂದಿಬ್ಬರು ತಲೆ ತಗ್ಗಿಸಿ ನಕ್ಕರು. ನರ್ಸು ನಗಲಿಲ್ಲ. ಅವಳು ಕೈಯಲ್ಲಿದ್ದ ನೀರಿನ ಲೋಟವನ್ನು ನೆಲಕ್ಕಿಟ್ಟಳು. ಇಟ್ಟದ್ದು ಸರಿಯಾಗಿ ಕೂರದೆ ಉರುಳಿತು.

"ಏಕಾಏಕಿ ನಿಲ್ತಾ?" ಎಂದಳು.

"ಏಕಾಏಕಿ. ಫ್ಯಾನ್ ಸ್ವಿಚ್ ಆರಿಸಿದ ಹಾಗೆ."

"ಇಂಜೆಕ್ಷನ್ ಬಿಟ್ಟಿಲ್ಲ ತಾನೇ?"

"ಒಂದು ದಿನಾನೂ ಬಿಟ್ಟಿಲ್ಲ. ಹೊಸ ಡಬ್ಬಿ ಕೊಟ್ರಲ್ಲ ಬೇಸಿಗೇಲಿ, ಅಲ್ಲಿಂದಲೇ ಈ ಸುಖ. ಯಾಕೆ ಸಿಸ್ಟರ್?"

ನರ್ಸು ಬಾಗಿಲ ಕಡೆ ನೋಡಿದಳು. ಮ್ಯಾನೇಜರಿನ ಬೆನ್ನು ಕಾಣುತ್ತಿತ್ತು. ತುಟಿ ಹೆಚ್ಚು ಅಲುಗಿಸದೆ ಹೇಳಿದಳು, "ನಿಮಗೆ ಬೆವರಬೇಕು. ಅಷ್ಟು ಬೆವರ್ತಿದ್ದೋರು, ಮದ್ದು ಕೆಲಸ ಮಾಡ್ತಿದ್ರೆ, ಹೀಗೆ ಒಂದೇ ಸಲಕ್ಕೆ ನಿಲ್ಲಬಾರ್ದು. ನಾಳೆ ಬಂದು ರಕ್ತ ಕೊಡಿ. ಇಲ್ಲ, ನಮ್ಮಲ್ಲಿ ಬೇಡ. ಬೇರೆ ಕಡೆ ಕೊಡಿ."

ಡ್ರೈವರ್ ಎದೆಯ ಮೇಲಿದ್ದ ಕೈ ಇಳಿಸಲಿಲ್ಲ. ಅಲ್ಲಿಟ್ಟದ್ದನ್ನು ಮರೆತಂತೆ ಹಾಗೆಯೇ ಕೂತ.

ಸೂಜಿಯಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಅಳು ಬರಲಿಲ್ಲ. ಗಾಜಿನ ಮೇಲಿನ ಮಂಜನ್ನು ಅಂಗೈಯಲ್ಲಿ ಒರೆಸಲು ಹೋದಳು. ಅದು ಒಳಗಿನ ಮಂಜು, ಹೋಗಲಿಲ್ಲ.

\*

ಹಬೆಯಣ್ಣನ ಬೆವರು ನಿಂತದ್ದು ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಊರಿಗೆ ಊರೇ ಬೆವರುವಾಗ ಅವನು ಒಣಗಿದ ಅಂಗಿಯಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಮುಟ್ಟಿ ನೋಡು," ಎಂದು ಕುತ್ತಿಗೆ ಬಗ್ಗಿಸಿದ. ಟವೆಲ್ಲು ಇಡುತ್ತಿದ್ದ ಜಾಗ ಒಣಗಿತ್ತು.

ಅವಳು ಲೆಕ್ಕ ಹಾಕಿದ್ದು ತನ್ನ ಮೈಯಿಂದ. ತನಗೂ ಹೀಗೇ ಆಗಿತ್ತು. ಬೆಂದು ಬೆಂದು, ಒಂದು ದಿನ ತಾನೇ ಆರಿ, ಆಮೇಲೆ ಮೈ ಹಗುರಾಗಿ, ನಿದ್ದೆ ಬಂದು, ತಾನು ಮತ್ತೆ ಮನುಷ್ಯಳಾಗಿದ್ದಳು. "ಮುಗೀತು ಬಿಡ್ರಿ," ಎಂದಳು. "ನನಗೂ ಹೀಗೇ ನಿಂತಿದ್ದು. ಇನ್ನು ಎಲ್ಲ ಸಲೀಸು."

ಅವಳು ಹೇಳಿದ್ದನ್ನು ಅವನು ನಂಬಿದ. ಬೆವರಿನ ವಿಷಯದಲ್ಲಿ ಅವಳೇ ಅವನಿಗೆ ಡಾಕ್ಟರು. ಆಸ್ಪತ್ರೆಗೆ ಹೋದಾಗ, "ಹೇಗಿದ್ದೀರಿ?" ಎಂದು ಕೇಳಿದವರಿಗೆ, "ಬೆವರೂ ನಿಂತಿದೆ," ಎಂದ. ಕೇಳಿದವರು, "ಒಳ್ಳೇದಾಯ್ತು," ಎಂದು ಮುಂದಿನವರನ್ನು ಕರೆದರು. ಮನೆಯಲ್ಲೇ ಚೆನ್ನಾಗಿ ನಡೆಯುತ್ತಿರುವಾಗ ರಕ್ತ ಯಾಕೆ ನೋಡಬೇಕು ಎಂಬುದು ಅವರ ಲೆಕ್ಕ. ಫೋಟೋ ತೆಗೆದು ಗೋಡೆಗೆ ಹಾಕಿದ್ದೂ ಆ ದಿನಗಳಲ್ಲೇ. ಫೋಟೋದಲ್ಲಿ ಮುಖ ಅಷ್ಟು ಕಳೆಕಳೆಯಾಗಿತ್ತು.

ಆ ಬೇಸಿಗೆ ಅವರು ಮತ್ತೆ ಗಂಡ ಹೆಂಡತಿಯಾದರು. ಒಂದು ಮಧ್ಯಾಹ್ನ ಅವಳು ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಅವನು ಹಿಂದಿನಿಂದ ಬಂದು ಸೂಜಿಯನ್ನು ಕಸಿದುಕೊಂಡ. "ಕೊಡ್ರಿ, ಚುಚ್ಕೊಳ್ಳುತ್ತೆ," ಎಂದಳು. "ಚುಚ್ಕೊಂಡು ಚುಚ್ಕೊಂಡು ನನಗೆ ಅಭ್ಯಾಸ," ಎಂದ. ಕದ ಹಾಕಿಕೊಂಡು ಬಂದ. ಕಾಯಿಲೆ ಬಂದಾಗಿನಿಂದ ಮಂಚದ ಅಂಚಿಗೆ ಸರಿದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ಮನುಷ್ಯ. ತನ್ನ ಊದಿದ ಎದೆ ಅವಳಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ ಅಂಗಿ ಬದಲಾಯಿಸುತ್ತಿದ್ದವನು. ಅವತ್ತು ಅವಳು ನಾಚಿಕೊಂಡಳು. ಇಷ್ಟು ವರ್ಷಗಳ ಮೇಲೆ ನಾಚಿಕೊಂಡೆನಲ್ಲ ಎಂದು ಆಮೇಲೆ ಇಬ್ಬರೂ ನಕ್ಕರು.

ಬೆಳಿಗ್ಗೆ ಮತ್ತೆ, "ಬಟ್ಟೆಗೆ ಹೊರಟೆ." "ಹೊಟ್ಟೆಗೆ ಆಯ್ತು." ಅವನು ಒಂದು ದಿನವೂ ತಪ್ಪಿಸಲಿಲ್ಲ. ಫ್ರಿಜ್ಜಿನ ಬಾಗಿಲು ಹೆಚ್ಚು ಹೊತ್ತು ತೆರೆಯಲು ಬಿಡಲಿಲ್ಲ. ಸತ್ತ ನೀರನ್ನು ಅಷ್ಟು ಜೋಪಾನವಾಗಿ ತಣ್ಣಗೆ ಕಾಪಾಡಿದ.

ಮಳೆಗಾಲ ಶುರುವಾದಾಗ ಬೆನ್ನು ನೋಯತೊಡಗಿತು. "ನೀರಿನ ಡ್ರಮ್ ಎತ್ತಿದ್ದಕ್ಕೆ," ಎಂದ. ಅವಳು ಎಣ್ಣೆ ಕಾಯಿಸಿ ತಿಕ್ಕಿದಳು. ಆಮೇಲೆ ಪಾದ ಜೋಮು ಹಿಡಿಯಿತು. ಒಂದು ಬೆಳಿಗ್ಗೆ ಮಂಚದಿಂದ ಇಳಿಯಲು ಹೋದವನು ಹಾಗೆಯೇ ಕುಸಿದು, ನೆಲದ ಮೇಲೆ ಕೂತು, ತನ್ನ ಕಾಲುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದ. ರೋಗ ಬೆನ್ನುಹುರಿಯನ್ನು ಒತ್ತಿದೆ ಎಂದರು ಡಾಕ್ಟರು. "ಈ ಕಾಯಿಲೆಯ ಸ್ವಭಾವವೇ ಹಾಗೆ," ಎಂದರು. ಎದ್ದು ನಿಲ್ಲಲಾಗದಿದ್ದರೂ ಕೊನೆಯವರೆಗೂ ಇಂಜೆಕ್ಷನ್ನು ತಾನೇ ಚುಚ್ಚಿಕೊಂಡ. "ನಾನು ಚುಚ್ಲಾ?" ಎಂದರೆ ಬೇಡವೆಂದು ತಲೆಯಾಡಿಸುತ್ತಿದ್ದ. ಬಟ್ಟೆ, ಹೊಟ್ಟೆ ಎಂಬ ಮಾತು ನಿಂತುಹೋಗಿತ್ತು. ಅವಳು ಕೆಲಸಕ್ಕೆ ಹೋಗುವುದೂ ನಿಂತಿತ್ತು.

\*

ಸೂಜಿಯಕ್ಕ ಗಾಜಿನ ಮೇಲೆ ಕೈಯಿಟ್ಟುಕೊಂಡೇ ಮಡಿಕೆಯಮ್ಮನನ್ನು ಕರೆದಳು. "ಬೇಸಿಗೇಲಿ ಔಷಧಿ ಕೋಣೆಯಿಂದ ನಮ್ಮಲ್ಲಿಗೆ ಒದ್ದೆ ಬಟ್ಟೆ ಬರ್ತಿತ್ತಲ್ಲ, ನೆನಪಿದೆಯಾ?"

"ನೆನಪಿಲ್ದೆ ಏನು. ನೆಲ ಒರೆಸಿದ ಟವೆಲ್ಲು, ಚಾದರ, ಮೂಟೆ ಮೂಟೆ. ಔಷಧಿ ಕೋಣೆ ಚಡ್ಡೀಲೇ ಉಚ್ಚೆ ಹೊಯ್ಕೊಳ್ತಿದೆ ಅಂತ ನಾನೇ ಅಂದಿದ್ದೆ. ನೀನು ನಕ್ಕಿದ್ದೆ."

"ಹೌದು. ನಕ್ಕಿದ್ದೆ."

ಆ ಟವೆಲ್ಲುಗಳ ತೂತಿಗೆ ತೇಪೆ ಹಾಕಿದ್ದೂ ಅವಳೇ. ಫ್ರಿಜ್ಜಿನಿಂದ ಕರಗಿ ಹರಿದ ನೀರನ್ನು ಒರೆಸಿದ ಬಟ್ಟೆ ಅವಳ ಮೇಜಿಗೆ ಬಂದು, ಅವಳ ಮಡಿಲಲ್ಲಿ ಕೂತು, ಅವಳ ಕೈಯಿಂದಲೇ ಹೊಲಿಸಿಕೊಂಡು ಹೋಗಿತ್ತು.

ಅವಳು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮೈದುನನ ಕಡೆ ತಿರುಗಿದಳು. ಅವನು ಆಗಲೇ ಅವಳನ್ನು ನೋಡುತ್ತಿದ್ದ. ತುಂಬ ಹೊತ್ತಿನಿಂದ ನೋಡುತ್ತಿದ್ದ ಹಾಗಿತ್ತು.

"ಆ ಫ್ರಿಜ್ಜಿಗೆ ಏನಾಗಿತ್ತು ತಮ್ಮಾ?"

ಅವನು ಮೊಣಕಾಲ ಮೇಲೆ ಗದ್ದ ಊರಿದ. "ಕಂಪ್ರೆಸರ್ ಹೋಗಿತ್ತು ಅತ್ತಿಗೆ."

"ಹೇಳಿದ್ಯಾ ಅವರಿಗೆ?"

"ಮೊದಲ ದಿನವೇ ಹೇಳಿದೆ. ಹೊಸದು ಬರ್ತದೆ, ನೀನು ನಿನ್ನ ಕೆಲಸ ನೋಡ್ಕೋ ಅಂದ್ರು. ಡಬ್ಬಿಗಳನ್ನ ಬೇರೆ ಕಡೆ ಇಟ್ಟಿದ್ದೀವಿ ಅಂದ್ರು."

"ನಂಬಿದ್ಯಾ?"

ಅವನು ವೈರನ್ನು ಇನ್ನೊಮ್ಮೆ ಗೋಡೆಯಂಚಿಗೆ ಒತ್ತಿದ.

"ನಂಬಿದ ಹಾಗೆ ಇದ್ದೆ," ಎಂದ ಮೈದುನ.

ಅವನ ಮದುವೆಗೆ ಅಂಗಿ ಹೊಲಿದವಳು ಸೂಜಿಯಕ್ಕ. ಅವನ ಅಣ್ಣ ಕಾಲಿನ ಬಲ ಹೋಗಿ ಮಲಗಿದಾಗ ದಿನಾ ಸಂಜೆ ಬಂದು ಅವನನ್ನು ಮಗ್ಗುಲಾಗಿಸುತ್ತಿದ್ದವನು ಇವನು. ಮಗ್ಗುಲಾಗಿಸುವಾಗ ಮುಖ ನೋಡುತ್ತಿರಲಿಲ್ಲ. ಯಾಕೆಂದು ಅವಳಿಗೆ ಈಗ ಗೊತ್ತಾಯಿತು.

ಆಗಲೇ ಮ್ಯಾನೇಜರ್ ಒಳಗೆ ಬಂದ. ಕೈಗಡಿಯಾರ ನೋಡಿಕೊಂಡ. "ವ್ಯಾನು ಬಂತು. ಸುಡುವ ಜಾಗದಲ್ಲೂ ಹೇಳಿಟ್ಟಿದ್ದೀವಿ, ತಡ ಮಾಡೋದು ಬೇಡ." ಮಗಳ ಕಡೆ ತಿರುಗಿ, "ಏನಮ್ಮ, ಆ ಡಬ್ಬಿ ಸ್ವಲ್ಪ ತಂದುಕೊಡ್ತೀಯಾ? ಅಮ್ಮನಿಗೆ ಯಾಕೆ ತೊಂದರೆ," ಎಂದ. ನರ್ಸಿಗೂ ಹೇಳಿದ, "ನೀನಿನ್ನು ಹೊರಡು. ವಾರ್ಡಲ್ಲಿ ಯಾರೂ ಇಲ್ಲ." ಆಮೇಲೆ ಡ್ರೈವರನ್ನು ನೋಡಿ, ದೊಡ್ಡ ವಿಷಯವೇನಲ್ಲ ಎಂಬ ದನಿಯಲ್ಲಿ, "ನಿಮ್ಮ ಮನೇಲಿರೋ ಡಬ್ಬೀನೂ ತಂದುಬಿಡಿ. ಹೊಸದು ಕೊಡ್ತೀವಿ," ಎಂದ.

"ಹಳೇದಕ್ಕೆ ಏನಾಗಿದೆ ಸಾರ್?" ಎಂದ ಡ್ರೈವರ್.

"ಏನೂ ಆಗಿಲ್ಲ. ನಿಯಮ."

ಮಗಳು ಎದ್ದಳು. "ಮುಟ್ಟಬೇಡ," ಎಂದಳು ಸೂಜಿಯಕ್ಕ. ದನಿ ದೊಡ್ಡದಿರಲಿಲ್ಲ. ತಾನೇ ಎದ್ದು, ಮಂದಿಯ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಗೆ ಹೋದಳು. ಗಂಡ ಮೀಸಲಿಟ್ಟ ತಟ್ಟೆಯಿಂದ ಡಬ್ಬಿ ತೆಗೆದುಕೊಂಡಳು. ಅಭ್ಯಾಸಬಲಕ್ಕೆ ಫ್ರಿಜ್ಜಿನ ಬಾಗಿಲನ್ನು ಬೇಗ ಮುಚ್ಚಿದಳು. ಬಚ್ಚಲ ಗೋಡೆಯ ಗೂಡಿನಲ್ಲಿದ್ದ ಹಳದಿ ಡಬ್ಬವನ್ನೂ ತೆಗೆದುಕೊಂಡಳು. ಒಳಗೆ ಸೂಜಿಗಳು ಗಲಗಲ ಎಂದವು.

"ಹಾ, ಅಷ್ಟೇ," ಎಂದು ಮ್ಯಾನೇಜರ್ ಎರಡೂ ಕೈ ಚಾಚಿದ.

ಅವಳು ಅವನ ಕೈಗಳ ಪಕ್ಕದಿಂದ ಹಾದು ಪೆಟ್ಟಿಗೆಯ ಬಳಿಗೆ ಹೋದಳು. ಮೊಣಕೈಯಿಂದ ಗಾಜಿನ ಮುಚ್ಚಳ ಎತ್ತಿದಳು. ತಣ್ಣನೆಯ ಹಬೆ ಎದ್ದು ಅವಳ ಮುಖಕ್ಕೆ ಬಡಿಯಿತು. ಅದು ಸರಿದ ಮೇಲೆ ಗಂಡ ಕಂಡ. ತಾನು ಹೊಲಿದ ಚಾದರವನ್ನು ಸ್ವಲ್ಪ ಸರಿಸಿ, ಅವನ ಹೊಟ್ಟೆಯ ಪಕ್ಕದಲ್ಲಿ ಎರಡನ್ನೂ ಇಟ್ಟಳು. ಚಾದರ ಎಳೆದಳು. ಮುಚ್ಚಳ ಹಾಕಿ, ಅದರ ಮೇಲೆ ಎರಡೂ ತೋಳು ಹಾಸಿ ಕೂತಳು.

"ಏನಮ್ಮ ಇದು?" ಎಂದ ಮ್ಯಾನೇಜರ್.

"ತಣ್ಣಗಿರಬೇಕಂತೆ ಸಾರ್. ಸಿಸ್ಟರ್ ಹೇಳಿಕೊಟ್ಟಿದ್ದಾರೆ."

"ಮುಚ್ಚಳ ತೆಗೀರಿ. ಹೆಣ ಎತ್ತಬೇಕು."

"ಬೇರೆ ಡಾಕ್ಟರು ಯಾರಾದ್ರೂ ಬಂದು ನೋಡಲಿ. ಇವರನ್ನೂ ನೋಡಲಿ, ಡಬ್ಬೀನೂ ನೋಡಲಿ. ಆಮೇಲೆ ಎತ್ತೋಣ."

"ಯಾರು ಬರ್ತಾರೆ ಈಗ?"

"ನಾನು ಕರ್ಕೊಂಡು ಬರ್ತೀನಿ," ಎಂದ ಡ್ರೈವರ್. ಗಾಡಿಯ ಬೀಗದ ಕೈ ಅವನ ಹಿಡಿಯಲ್ಲಿತ್ತು. "ಹೋಗ್ತಾ ನನ್ನ ಡಬ್ಬೀನೂ ತರ್ತೀನಿ. ಇನ್ನೂ ಯಾರ್ಯಾರ ಮನೇಲಿ ಇದೆ ಅಂತ ನನಗೆ ಗೊತ್ತು. ಹಂಚಿದ್ದು ನನ್ನ ಗಾಡೀಲೇ." ಅವನು ಮೆಟ್ಟಿಲಿಳಿಯುವಾಗ ಕಂಬ ಹಿಡಿದುಕೊಂಡು ಒಂದು ಗಳಿಗೆ ನಿಂತು, ಬೆನ್ನಿನ ಮೇಲೆ ಕೈಯಿಟ್ಟುಕೊಂಡದ್ದನ್ನು ಸೂಜಿಯಕ್ಕ ನೋಡಿದಳು. ನರ್ಸೂ ನೋಡಿದಳು. ನರ್ಸು ಹೊರಡದೆ ಅಲ್ಲೇ ಗೋಡೆಗೆ ಒರಗಿದಳು.

ಮ್ಯಾನೇಜರಿನ ಕುತ್ತಿಗೆ ಕೆಂಪೇರಿತು. ಆದರೂ ದನಿ ಏರಿಸಲಿಲ್ಲ. "ನೋಡಮ್ಮ, ಈ ಮನೆ, ನಿಮ್ಮ ಕೆಲಸ, ಎಲ್ಲ ಯೋಚನೆ ಮಾಡಿ ಮಾತಾಡಿ. ನಾನು ಕೆಟ್ಟವನಲ್ಲ. ಪೆಟ್ಟಿಗೆ ಆಸ್ಪತ್ರೆಯದು. ಅದನ್ನ ವಾಪಸ್ ತಗೊಂಡು ಹೋಗ್ತೀನಿ. ಹೆಣ ಇಟ್ಕೊಂಡು ಕೂರೋ ಹಾಗಿದ್ರೆ ಈ ಸೆಕೇಲಿ ಕೂತ್ಕೊಳ್ಳಿ, ಎಷ್ಟು ಹೊತ್ತು ಕೂರ್ತೀರೋ ನೋಡೋಣ." ಗೋಡೆಯ ಬುಡಕ್ಕೆ ಬೆರಳು ತೋರಿಸಿದ. "ಫ್ಯೂಸು, ಪ್ಲಗ್ ತೆಗಿ. ವೈರ್ ಸುತ್ತು."

ಮೈದುನ ಎದ್ದ. ಕೋಣೆಯವರೆಲ್ಲ ಅವನನ್ನೇ ನೋಡಿದರು. ಚೌಕಟ್ಟಿನೊಳಗಿಂದ ಅಣ್ಣನೂ ಸಿರಿಂಜು ಎತ್ತಿಕೊಂಡು ನಗುತ್ತ ನೋಡುತ್ತಿದ್ದ. ಸೂಜಿಯಕ್ಕ ಮಾತ್ರ ನೋಡಲಿಲ್ಲ. ಗಾಜಿಗೆ ಕೆನ್ನೆ ಒತ್ತಿಕೊಂಡು, ತನ್ನ ತೋಳಿನ ಕೆಳಗೆ ಮೋಟಾರು ನ‌ಡುಗುತ್ತಿರುವುದನ್ನು ಕೇಳುತ್ತ ಕೂತಳು. ಅವನ ಹೆಜ್ಜೆಗಳು ಪ್ಲಗ್ಗಿನ ಕಡೆ ಹೋದವು. ಅವನು ಬಗ್ಗಿದಾಗ ಮೂಳೆ ಲಟಕ್ಕೆಂದಿತು. ಆಮೇಲೆ ಏನೋ ಚರ್ರೆಂದು ಹರಿದ ಸದ್ದು.

ಅವಳು ತಲೆ ಎತ್ತಿದಳು.

ಮೈದುನ ಜೇಬಿನಿಂದ ಕಪ್ಪು ಟೇಪಿನ ಸುರುಳಿ ತೆಗೆದು, ಪ್ಲಗ್ಗನ್ನು ಗೋಡೆಯ ಹಲಗೆಗೆ ಸೇರಿಸಿ ಸುತ್ತುತ್ತಿದ್ದ. ಸ್ವಿಚ್ಚು ಆರದ ಹಾಗೆ ಅದರ ಮೇಲೂ ಎಳೆದ. ಅಡ್ಡಕ್ಕೊಂದು ಸುತ್ತು, ಉದ್ದಕ್ಕೊಂದು ಸುತ್ತು.

"ನಿನಗೇ ಹೇಳಿದ್ದು," ಎಂದ ಮ್ಯಾನೇಜರ್. "ಕೇಳಿಸ್ತಾ?"

"ಕೇಳಿಸ್ತು ಸಾರ್," ಎಂದ ಮೈದುನ. "ಆಗಲ್ಲ."

ಅವನ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದು, ಟೇಪಿನ ಮೇಲೆ ತೊಟ್ಟಿಕ್ಕಿತು. ಒದ್ದೆಯಾದರೆ ಟೇಪು ಅಂಟುವುದಿಲ್ಲ. ಅವನು ಆ ಹನಿಯನ್ನು ತೋಳಿನಿಂದ ಒರೆಸಿ, ಸುರುಳಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ಇನ್ನೊಂದು ಸುತ್ತು ಸುತ್ತತೊಡಗಿದ.